ಐವತ್ತಾರರ ಗಾಜು

ವರ್ಲಿನ್ ಸೇಥರನಿಗೆ ಐವತ್ತಾರು ವರ್ಷ. ಆದರೆ ಬಂದೂಕಿನ ದುರ್ಬೀನಿಗೆ ಐವತ್ತಾರು ಮಿಲಿಮೀಟರಿನ ಗಾಜೇ ಬೇಕೆಂದು ಅವನು ಹಠ ಹಿಡಿದದ್ದು ಆ ಕಾರಣಕ್ಕಲ್ಲ. ಹೆಂಡತಿಯ ಅಣ್ಣ ಗೇಲಾರ್ಡ್ ಕೂಬಿಯಾಕನ ದುರ್ಬೀನಿಗೆ ಐವತ್ತರ ಗಾಜಿತ್ತು, ಅಷ್ಟೇ.

ವಿಸ್ಕಾನ್ಸಿನ್‌ನ ಉತ್ತರದ ಅಂಚಿನಲ್ಲಿರುವ ಟ್ಯಾಮರಾಕ್ ಕ್ರಾಸಿಂಗ್ ಎಂಬ ಊರಿನ ಚೀಸ್ ಕಾರ್ಖಾನೆಯಲ್ಲಿ ವರ್ಲಿನ್ ಇಪ್ಪತ್ತೊಂಬತ್ತು ವರ್ಷದಿಂದ ಡಬ್ಬಿಗಳ ಮೇಲೆ ತಾರೀಖು ಒತ್ತುತ್ತಿದ್ದ. ಅವನು ಒತ್ತಿದ ತಾರೀಖು ಸರಿಯಿದೆಯೇ ಎಂದು ನೋಡುವುದು ಗೇಲಾರ್ಡನ ಕೆಲಸ. ಇಪ್ಪತ್ತೊಂಬತ್ತು ವರ್ಷ ದಿನವೂ ಭಾವನಿಂದ ತಪಾಸಣೆಗೊಳಗಾದ ಮನುಷ್ಯನಲ್ಲಿ ಆರು ಮಿಲಿಮೀಟರಿನಷ್ಟಾದರೂ ಮಹತ್ವಾಕಾಂಕ್ಷೆ ಹುಟ್ಟುವುದು ಸಹಜ.

ಬೇಟೆ ಸಾಮಾನಿನ ಅಂಗಡಿಯ ಡೆಲ್ಮರ್ ಪ್ರಾಮಾಣಿಕ. ಮಾರಾಟ ಕೆಟ್ಟರೂ ನಿಜ ಹೇಳುವ ಚಟ ಅವನಿಗೆ.

"ನಲವತ್ತು ಸಾಕು ಕಣೋ ವರ್ಲಿನ್. ಈ ವಯಸ್ಸಲ್ಲಿ ಕಣ್ಣಿನ ಪಾಪೆ ಎಷ್ಟೇ ಕತ್ತಲಾದ್ರೂ ಐದು ಮಿಲಿಮೀಟರ್ ದಾಟಿ ಬಿಚ್ಚಲ್ಲ. ಎಂಟು ಪಟ್ಟು ಹಿಗ್ಗಿಸಿ ನೋಡಿದ್ರೆ ನಲವತ್ತರ ಗಾಜಿಂದ ಬರೋ ಬೆಳಕು ಐದು ಮಿಲಿಮೀಟರ್ ಅಗಲ. ನಿನ್ನ ಕಣ್ಣಿಗೆ ಹೇಳಿ ಮಾಡಿಸಿದ ಹಾಗೆ. ಐವತ್ತಾರರಿಂದ ಏಳಗಲ ಬರುತ್ತೆ. ಮೇಲಿನ ಎರಡು ನಿನಗೆ ದಕ್ಕಲ್ಲ."

"ದಕ್ಕದೆ ಇರೋದು ಎಲ್ಲಿಗೆ ಹೋಗುತ್ತೆ?"

"ಯಾವುದು?"

"ಆ ಮಿಕ್ಕ ಬೆಳಕು."

ಡೆಲ್ಮರನ ಮೂವತ್ತು ವರ್ಷದ ವ್ಯಾಪಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಗಾಜನ್ನೊಮ್ಮೆ ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಗೊತ್ತಿಲ್ಲ. ಬರುತ್ತಂತೂ ಬರುತ್ತೆ" ಎಂದ. ವರ್ಲಿನ್‌ಗೆ ಅಷ್ಟೇ ಸಾಕಾಯಿತು.

ಆ ಗಾಜು ಹೊತ್ತ ದುರ್ಬೀನು ಬಂದೂಕಿನ ಮೇಲೆ ಕೂತಾಗ ಹಾಲಿನ ಕ್ಯಾನು ಕೂತ ಹಾಗೆ ಕಾಣುತ್ತಿತ್ತು. ಗಾಜು ನಳಿಗೆಗೆ ತಾಗದಿರಲೆಂದು ದುರ್ಬೀನು ಹಿಡಿದಿಡುವ ಲೋಹದ ಬಳೆಗಳನ್ನು ಎತ್ತರದವೇ ಹಾಕಬೇಕಾಯಿತು. ದುರ್ಬೀನು ಎತ್ತರಕ್ಕೆ ಹೋದದ್ದರಿಂದ ಕೆನ್ನೆಗೆ ಬಂದೂಕಿನ ಹಿಡಿ ಸಿಗದಾಯಿತು. ವರ್ಲಿನ್ ಹೆಂಡತಿ ಡೊರೀನಳ ಸೋಫಾ ದಿಂಬಿನಿಂದ ಗುಲಾಬಿ ಸ್ಪಂಜು ಕತ್ತರಿಸಿ ಹಿಡಿಗೆ ಅಂಟಿಸಿದ. ಶುಕ್ರವಾರದ ಮೀನೂಟಕ್ಕೆ ಊರೆಲ್ಲ ಸೇರಿದ್ದ ಹೋಟೆಲಿನಲ್ಲಿ ಎರಡು ಗ್ಲಾಸು ಬ್ರಾಂದಿ ಇಳಿದ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಒಂದು ಮಾತನ್ನೂ ಆಡಿಬಿಟ್ಟ.

"ನಿಮ್ಮ ಗಾಜಲ್ಲಿ ಕಾಣದೆ ಇರೋದು ನನ್ನ ಗಾಜಲ್ಲಿ ಕಾಣುತ್ತೆ."

"ಏನು, ನಿನ್ನ ಬುದ್ಧೀನಾ?" ಎಂದ ಗೇಲಾರ್ಡ್. ಊರು ನಕ್ಕಿತು. ಮರುದಿನ ಬೆಳಗ್ಗೆ ಜಿಂಕೆ ಬೇಟೆಯ ಒಂಬತ್ತು ದಿನಗಳ ಕಾಲ ಶುರುವಾಯಿತು.

ಭಾವಮೈದುನರ ಅಟ್ಟಣೆ ಇದ್ದದ್ದು ಸೀಡರ್ ಮರಗಳ ಜೌಗಿನ ಅಂಚಿನಲ್ಲಿ. ಹಲಗೆಯ ಗೂಡು, ಒಂದು ಕಿಟಕಿ, ಎರಡು ಕುರ್ಚಿ. ಇಬ್ಬರೂ ಬೇಟೆಗಾರರಿಗೆ ಕಡ್ಡಾಯವಾದ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಇಡೀ ದಿನ ಕೂತರು. ಒಂದು ಜಿಂಕೆಯೂ ಬರಲಿಲ್ಲ. ಸಂಜೆ ಕಾನೂನಿನ ಪ್ರಕಾರ ಗುಂಡು ಹಾರಿಸಲು ಇನ್ನು ಹತ್ತು ನಿಮಿಷ ಉಳಿದಿದ್ದಾಗ ಹಿಮದ ಮೇಲಿನ ನೀಲಿ ಬಣ್ಣ ಬೂದಿಗೆ ತಿರುಗಿತು. ಅಷ್ಟು ಹೊತ್ತು ಕಿಚಕಿಚ ಎನ್ನುತ್ತಿದ್ದ ಪುಟ್ಟ ಹಕ್ಕಿಗಳು ಯಾರೋ ಬಾಯಿ ಮುಚ್ಚಿದ ಹಾಗೆ ಒಟ್ಟಿಗೇ ಸುಮ್ಮನಾದವು.

ವರ್ಲಿನ್ ಗುಲಾಬಿ ಸ್ಪಂಜಿಗೆ ಕೆನ್ನೆಯಿಟ್ಟು ದುರ್ಬೀನಿನಲ್ಲಿ ನೋಡಿದ.

ಒಳಗೆ ಸಂಜೆಯಾಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಯ ಹೊಂಬಿಸಿಲು ಜೌಗಿನ ತುಂಬ ಹರಡಿತ್ತು. ಸೀಡರಿನ ತೊಗಟೆಯ ಎಳೆ ಎಳೆಯೂ ಕಾಣುತ್ತಿತ್ತು. ಎರಡು ಮರಗಳ ನಡುವೆ ಕೆಂಪು ಕಪ್ಪು ಚೌಕುಳಿಯ ಉಣ್ಣೆ ಕೋಟು ತೊಟ್ಟು, ಕಿವಿಮುಚ್ಚುವ ಟೋಪಿ ಹಾಕಿ, ತೋಳಿನ ಮಡಿಕೆಯಲ್ಲಿ ಬಂದೂಕು ಇಟ್ಟುಕೊಂಡ ಮನುಷ್ಯನೊಬ್ಬ ನಿಂತಿದ್ದ. ನೇರವಾಗಿ ಇವನನ್ನೇ ನೋಡುತ್ತಿದ್ದ. ನೋಡಿ, ಪಕ್ಕದ ಮನೆಯವನಿಗೆ ಎತ್ತುವ ಹಾಗೆ ಕೈ ಎತ್ತಿದ.

ವರ್ಲಿನ್ ದುರ್ಬೀನಿನಿಂದ ಕಣ್ಣು ಸರಿಸಿದ. ಜೌಗು ಬೂದಿಯಾಗಿತ್ತು. ಮತ್ತೆ ಕಣ್ಣಿಟ್ಟ. ಮನುಷ್ಯ ಅಲ್ಲೇ ಇದ್ದ. ಎರಡು ಮರದಷ್ಟು ಹತ್ತಿರ ಬಂದಿದ್ದ.

"ಭಾವ, ಅಲ್ಲಿ ಯಾರೋ ಇದಾರೆ."

ಗೇಲಾರ್ಡ್ ತನ್ನ ಐವತ್ತರ ಗಾಜಿನಲ್ಲಿ ಹುಡುಕಿದ. "ಯಾರೂ ಇಲ್ಲ."

"ನನ್ನದರಲ್ಲಿ ನೋಡು."

"ಆ ಬಕೆಟ್ಟಿಗೆ ನಾನು ಕಣ್ಣಿಡಲ್ಲ. ಒಂದ್ನಿಮಿಷ, ನೀನು ಮನುಷ್ಯನ್ನ ನೋಡಿದ್ದು ದುರ್ಬೀನಿನಲ್ಲೇನಾ?"

"ಹೌದು."

"ದುರ್ಬೀನು ಬಂದೂಕಿನ ಮೇಲೆ ಇತ್ತಾ?"

ವರ್ಲಿನ್ ಬಂದೂಕಿನ ಮೂತಿಯನ್ನು ಥಟ್ಟನೆ ಕೆಳಕ್ಕೆ ಇಳಿಸಿದ. ಆ ಸೀಮೆಯಲ್ಲಿ ಹೆಂಡತಿಗೆ ಸುಳ್ಳು ಹೇಳಬಹುದು, ಚರ್ಚಿನಲ್ಲಿ ಗೊರಕೆ ಹೊಡೆಯಬಹುದು. ಮನುಷ್ಯನ ಕಡೆಗೆ ಬಂದೂಕಿನ ಮೂತಿ ತಿರುಗಿಸಿದವನಿಗೆ ಮಾತ್ರ ಯಾರೂ ಕಾಫಿ ಕೊಡುವುದಿಲ್ಲ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಗೇಲಾರ್ಡ್ ಕಾಫಿ ಹೀರುತ್ತ ಇದನ್ನು ಒಬ್ಬರಿಗೇ ಹೇಳಿದ. ಊರಿನ ಬಾಯಲ್ಲಿ ಹತ್ತು ಗಂಟೆಗೆ ವರ್ಲಿನ್ ಒಬ್ಬ ಮನುಷ್ಯನಿಗೆ ಗುರಿಯಿಟ್ಟಿದ್ದ. ಹನ್ನೊಂದಕ್ಕೆ ಗುಂಡು ಕಿವಿಯ ಪಕ್ಕದಲ್ಲಿ ಹಾದು ಹೋಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಮನುಷ್ಯ ಸತ್ತಿದ್ದ. ಮೂರು ಗಂಟೆಗೆ ಫೋನು ಮಾಡಿದ ಡೊರೀನಳ ಚಿಕ್ಕಮ್ಮ, ಹೆಣವನ್ನು ಯಾವ ಫ್ರೀಜರಿನಲ್ಲಿ ಇಟ್ಟಿದ್ದೀರಿ, ಜಿಂಕೆ ಮಾಂಸಕ್ಕೆ ಜಾಗ ಉಳಿದಿದೆಯೇ ಎಂದು ವಿಚಾರಿಸಿದಳು.

ಡೊರೀನ್ ಸಣ್ಣ ಸೂಟ್‌ಕೇಸಿಗೆ ನಾಲ್ಕು ಜೊತೆ ಉಣ್ಣೆ ಕಾಲುಚೀಲ ಹಾಕಿ ಬಾಗಿಲ ಬಳಿ ಇಟ್ಟಳು.

"ಇದ್ಯಾಕೆ?" ಎಂದ ವರ್ಲಿನ್.

"ಜೈಲಲ್ಲಿ ನೆಲ ಸಿಮೆಂಟಂತೆ."

ನಾಲ್ಕು ಗಂಟೆಗೆ ಬೇಟೆ ಇಲಾಖೆಯ ವಾರ್ಡನ್ ಬಂದಳು. ರೆನಾಟಾ ಕ್ಲೆಮೆಂಟ್ ಎಂದು ಹೆಸರು. ರಾಜ್ಯದ ದಕ್ಷಿಣದಿಂದ ಬಂದು ಆರು ವಾರವಾಗಿತ್ತಷ್ಟೇ, ಊರಿನಲ್ಲಿ ಯಾರ ಪರಿಚಯವೂ ಇರಲಿಲ್ಲ. ಕಾಲೊರಸಿಗೆ ಬೂಟು ಮೂರು ಸಲ ಒರೆಸಿ ಒಳಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ನಮೂನೆಯ ಹಾಳೆ ಹರಡಿದಳು.

"ಸೇಥರ್ ಅವರೇ, ಹೆಣ ಎಲ್ಲಿ?"

"ಹೆಣ ಇಲ್ಲ. ನಾನು ಗುಂಡು ಹಾರಿಸ್ಲಿಲ್ಲ. ನೋಡಿದೆ ಅಷ್ಟೇ."

"ಏನನ್ನ?"

"ಮನುಷ್ಯನ್ನ."

"ಬಂದೂಕಿನ ಮೇಲಿನ ದುರ್ಬೀನಲ್ಲಿ. ಹಾಗಾದ್ರೆ ಇದು ಮನುಷ್ಯರ ಮೇಲೆ ಬಂದೂಕು ತಿರುಗಿಸಿದ ಪ್ರಕರಣ. ನಿಮ್ಮ ಪರವಾನಗಿ ಮೂರು ವರ್ಷ ರದ್ದಾಗುತ್ತೆ."

"ಅದು ಮನುಷ್ಯ ಅಲ್ಲದೆಯೂ ಇರಬಹುದು," ಎಂದ ವರ್ಲಿನ್ ಗಾಬರಿಯಿಂದ.

"ಅಲ್ಲ ಅಂತ ಬರೆದುಕೊಳ್ಳಲಾ?"

"ಕೈ ಎತ್ತಿದ್ನಲ್ಲ."

"ಹಾಗಾದ್ರೆ ಮನುಷ್ಯ."

"ಆದ್ರೆ ಗೇಲಾರ್ಡ್‌ಗೆ ಕಾಣಿಸ್ಲಿಲ್ಲ. ಅಲ್ಲಿ ಬಿಸಿಲು ಬೇರೆ ಇತ್ತು."

ವಾರ್ಡನ್ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದಳು. ಮನುಷ್ಯ ಎಂಬ ಚೌಕವಿತ್ತು, ಪ್ರಾಣಿ ಎಂಬ ಚೌಕವಿತ್ತು. ಮೂರನೆಯದು ಇರಲಿಲ್ಲ. "ಎರಡರಲ್ಲಿ ಒಂದು ಹೇಳಿ," ಎಂದಳು. ಮನುಷ್ಯ ಎಂದರೆ ಬೇಟೆ ಹೋಯಿತು, ಅಲ್ಲ ಎಂದರೆ ಸುಳ್ಳಾಯಿತು.

ಆ ಹೊತ್ತಿಗೆ ಹಿಂಬಾಗಿಲು ತೆಗೆದುಕೊಂಡು ಅರ್ವಿಲಾ ಟಾಲೆಫ್ಸನ್ ಬಂದಳು. ಅರವತ್ತೇಳರ ಹೆಂಗಸು. ಎರಡು ತೋಟದಾಚೆಯ ಬಿಳಿ ಮನೆಯಲ್ಲಿ ಒಬ್ಬಳೇ ಇದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಯ ತುಂಬ ಖರ್ಜೂರದ ಬಿಲ್ಲೆಗಳು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.

"ವರ್ಲಿನ್, ನೀನು ನಮ್ಮ ಆರಿನ್‌ಗೆ ಗುಂಡು ಹೊಡೆದೆ ಅಂತ ಕೇಳಿದೆ," ಎಂದಳು, ತಟ್ಟೆ ಕೆಳಗಿಡುತ್ತ.

ಅರ್ವಿಲಾಳ ಗಂಡ ಆರಿನ್ ಮೂವತ್ತೊಂದು ವರ್ಷದ ಹಿಂದೆ ಬೇಟೆಯ ಮೊದಲ ದಿನ ಆ ಜೌಗಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹದಿನೈದು ದಿನ ಹುಡುಕಿದರೂ ಕೋಟಿನ ಒಂದು ಗುಂಡಿ ಕೂಡ ಸಿಗಲಿಲ್ಲ. ಆಮೇಲೆ ಊರು ತನಗೆ ಅನುಕೂಲವಾದ ತೀರ್ಮಾನಕ್ಕೆ ಬಂತು. ಆರಿನ್ ಹೋಟೆಲಿನ ಕೆಂಪು ಕೂದಲಿನ ಹುಡುಗಿಯೊಂದಿಗೆ ಡುಲೂತ್ ಪಟ್ಟಣಕ್ಕೆ ಓಡಿಹೋದ ಎಂದು. ಆ ಹುಡುಗಿ ಇನ್ನೂ ಅದೇ ಹೋಟೆಲಿನಲ್ಲಿ ಮೀನು ಬಡಿಸುತ್ತಿದ್ದಳು. ಆದರೂ ಮಾತು ನಿಲ್ಲಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಅದನ್ನು ಹೇಳುತ್ತಿದ್ದವನು ಗೇಲಾರ್ಡ್.

"ಹೊಡೀಲಿಲ್ಲ ಅರ್ವಿಲಾ ಅವರೇ. ಸುಮ್ನೆ ನೋಡಿದೆ."

"ಕೋಟು?"

"ಕೆಂಪು ಕಪ್ಪು ಚೌಕುಳಿ."

"ಎಡಗಡೆ ಕಿವಿಪಟ್ಟಿ ಮೇಲಿತ್ತಾ, ಕೆಳಗಿತ್ತಾ?"

ವರ್ಲಿನ್ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಎಡಗಡೆದು ಮೇಲೆ. ಬಲಗಡೆದು ಕೆಳಗೆ."

ಅರ್ವಿಲಾ ಕುರ್ಚಿ ಎಳೆದು ಕೂತಳು. "ಎಡಗಡೆ ಕಿವಿ ಚೆನ್ನಾಗಿ ಕೇಳ್ತಿತ್ತು ಅವನಿಗೆ. ಅದನ್ನ ಮುಚ್ತಿರಲಿಲ್ಲ," ಎಂದಳು. "ಡುಲೂತ್‌ಗೆ ಹೋಗಿಲ್ಲ ಹಾಗಾದ್ರೆ." ಅಳಲಿಲ್ಲ. ಬಿಲ್ಲೆಗಳ ಮೇಲಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ನಾಲ್ಕು ಮಡಿಕೆ ಮಾಡಿದಳು.

ವಾರ್ಡನ್‌ಗೆ ಈ ಮಾತುಕತೆಯ ತಲೆ ಬುಡ ಅರ್ಥವಾಗಲಿಲ್ಲ. ಯಾರೋ ಆರಿನ್ ಎಂಬಾತ ಮನೆಯವರೊಂದಿಗೆ ಮುನಿಸಿಕೊಂಡು ಕಾಡಿನಲ್ಲಿದ್ದಾನೆ ಎಂದುಕೊಂಡಳು. "ನಾಳೆ ಸಂಜೆ ಆ ಜಾಗ ತೋರಿಸಿ. ದುರ್ಬೀನು ಬಿಚ್ಚಿಕೊಂಡು ಬನ್ನಿ. ಬಂದೂಕು ಮನೇಲಿರಲಿ. ಬರೀ ದುರ್ಬೀನಲ್ಲಿ ಯಾರನ್ನ ಬೇಕಾದ್ರೂ ನೋಡಬಹುದು," ಎಂದು ಹೇಳಿ, ಎರಡು ಬಿಲ್ಲೆ ತಿಂದು ಹೋದಳು.

ಸೋಮವಾರ ಸಂಜೆ ಜೌಗಿನ ಅಂಚಿನಲ್ಲಿ ನಾಲ್ಕು ಜನ ಸೇರಿದರು. ಬೇರೆ ಯಾರೂ ಬರಕೂಡದೆಂದು ವಾರ್ಡನ್ ಆಜ್ಞೆ ಮಾಡಿದ್ದರಿಂದ ಊರಿನ ಉಳಿದವರೆಲ್ಲ ರಸ್ತೆಯಲ್ಲಿ ಹನ್ನೊಂದು ವಾಹನಗಳಲ್ಲಿ ಹೀಟರು ಹಾಕಿಕೊಂಡು ಕಾಯುತ್ತಿದ್ದರು. ಅರ್ವಿಲಾ ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳು. ಗೇಲಾರ್ಡ್ ಕಿಸೆಯಲ್ಲಿ ಕೈಯಿಟ್ಟುಕೊಂಡು, "ತಮಾಷೆ ನೋಡೋಕೆ ಬಂದೆ," ಎಂದು ಯಾರೂ ಕೇಳದಿದ್ದರೂ ಎರಡು ಸಲ ಹೇಳಿದ.

ಬೆಳಕು ಬೂದಿಗೆ ತಿರುಗಿತು. ಹಕ್ಕಿಗಳು ಸುಮ್ಮನಾದವು. ವರ್ಲಿನ್ ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಒಳಗೆ ಮೂರು ಗಂಟೆಯ ಬಿಸಿಲು. ಕೆಂಪು ಕಪ್ಪು ಕೋಟಿನವನು ಈಗ ಬಿದ್ದ ಮರದ ಈಚೆ ಬದಿಗೆ ಬಂದು ನಿಂತಿದ್ದ.

ದುರ್ಬೀನನ್ನು ಅರ್ವಿಲಾಳ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿದಳು. ನೋಡುತ್ತಲೇ ಒಂದು ಕೈಯಿಂದ ತನ್ನ ಬಿಳಿ ಕೂದಲನ್ನು ಟೋಪಿಯೊಳಗೆ ತೂರಿಸಿಕೊಂಡಳು.

"ಒಂದು ದಿನ ಕೂಡ ವಯಸ್ಸು ಹೆಚ್ಚಾಗಿಲ್ಲ ಅವನಿಗೆ," ಎಂದಳು ಮೆಲ್ಲಗೆ. "ನನ್ನ ಗುರುತು ಸಿಗುತ್ತೋ ಇಲ್ಲವೋ."

ವಾರ್ಡನ್ ದುರ್ಬೀನು ತೆಗೆದುಕೊಂಡಳು. ಕಣ್ಣಿಟ್ಟಳು. ಅವಳ ಮುಖ ಗಂಟಾಯಿತು.

"ಕಿತ್ತಳೆ ಬಣ್ಣ ಹಾಕಿಲ್ಲ," ಎಂದಳು.

"ಯಾರು?" ಎಂದ ಗೇಲಾರ್ಡ್.

"ಆ ಮನುಷ್ಯ. ಕೈಯಲ್ಲಿ ಬಂದೂಕಿದೆ, ಬೇಟೆಯ ಕಾಲ, ಮೈ ಮೇಲೆ ಒಂದು ಅಂಗುಲ ಕಿತ್ತಳೆ ಬಣ್ಣ ಇಲ್ಲ. ಯಾರಾದ್ರೂ ಜಿಂಕೆ ಅಂದ್ಕೊಂಡು ಹೊಡೆದ್ರೆ ಗತಿಯೇನು?" ದುರ್ಬೀನನ್ನು ವರ್ಲಿನ್‌ಗೆ ವಾಪಸು ಕೊಟ್ಟು, ಎದೆಯ ಕಿಸೆಯಿಂದ ಚೀಟಿ ಪುಸ್ತಕ ತೆಗೆದು, ಹಿಮ ತುಳಿಯುತ್ತ ನೇರ ಜೌಗಿನೊಳಗೆ ನಡೆದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಬರಿಗಣ್ಣಿಗೆ ಕಂಡದ್ದು ಇಷ್ಟು. ವಾರ್ಡನ್ನಿನ ಕಿತ್ತಳೆ ಜಾಕೆಟ್ಟು ಬಿದ್ದ ಮರದ ಬಳಿ ಹೋಗಿ ನಿಂತಿತು, ಒಂದು ಸೀಡರ್ ಮರದ ಜೊತೆ ಮಾತಾಡಿತು, ತಲೆಯಾಡಿಸಿತು, ಬರೆಯಿತು. ದುರ್ಬೀನಿನಲ್ಲಿ ವರ್ಲಿನ್‌ಗೆ ಕಂಡದ್ದು ಬೇರೆ. ಇಬ್ಬರು ಎದುರುಬದುರು ನಿಂತಿದ್ದರು. ವಾರ್ಡನ್ನಿನ ಬಾಯಿಂದ ಪ್ರತಿ ಮಾತಿಗೂ ಹಬೆ ಏಳುತ್ತಿತ್ತು. ಅವನ ಬಾಯಿಂದ ಏಳುತ್ತಿರಲಿಲ್ಲ. ಅವನು ವಿನಯದಿಂದ ಟೋಪಿ ತೆಗೆದ, ಏನೋ ವಿವರಿಸಿದ, ಪುಸ್ತಕದ ಮೇಲೆ ಬಾಗಿ ಸಹಿ ಮಾಡಿದ. ಸಹಿಯಾದ ಮೇಲೆ ತಲೆಯೆತ್ತಿ ಇವರ ಕಡೆ ನೋಡಿದ. ಆ ನೋಟ ತನ್ನನ್ನು ದಾಟಿ ಪಕ್ಕದಲ್ಲಿದ್ದ ಅರ್ವಿಲಾಳ ಮೇಲೆ ನಿಂತದ್ದು ವರ್ಲಿನ್‌ಗೆ ತಿಳಿಯಿತು.

ವಾರ್ಡನ್ ಹಿಂದಿರುಗಿ ಬಂದಾಗ ಅವಳ ಕೈಗವಸಿನ ಬೆರಳುಗಳ ಮೇಲೆ ಬಿಳಿ ಮಂಜು ಕಟ್ಟಿತ್ತು.

"ಮೊದಲನೇ ಸಲ ಅಂತ ದಂಡ ಹಾಕ್ಲಿಲ್ಲ, ಎಚ್ಚರಿಕೆ ಚೀಟಿ ಕೊಟ್ಟೆ. ಒಳ್ಳೇ ಮನುಷ್ಯರು. ಕಿತ್ತಳೆ ಬಣ್ಣದ ಕಾನೂನು ಬಂದಿರೋದೇ ಗೊತ್ತಿಲ್ಲವಂತೆ, ಕೆಂಪು ಹಾಕಿದ್ರೆ ಸಾಕು ಅಂದ್ಕೊಂಡಿದ್ರಂತೆ. ಅವರು ಹಿಡಿದ ಕೂಡಲೇ ಪೆನ್ನಿನ ಶಾಯಿ ಗಟ್ಟಿಯಾಯ್ತು, ಪೆನ್ಸಿಲ್ ಕೊಟ್ಟೆ."

"ಅಲ್ಲೇನು ಮಾಡ್ತಿದಾನಂತೆ?" ಎಂದಳು ಅರ್ವಿಲಾ.

"ಜಿಂಕೆಗೆ ಕಾಯ್ತಿದಾರಂತೆ. ಸಂಜೆ ಆಯ್ತಲ್ಲ, ಮನೆಗೆ ಹೋಗಿ ಅಂದೆ. ಇನ್ನೂ ಸ್ವಲ್ಪ ಬೆಳಕಿದೆ, ಅದು ಮುಗಿದ ಕೂಡಲೇ ಹೊರಡ್ತೀನಿ ಅಂದ್ರು."

ಚೀಟಿಯ ಹಳದಿ ಪ್ರತಿಯನ್ನು ಅರ್ವಿಲಾ ಟಾರ್ಚಿನ ಬೆಳಕಿನಲ್ಲಿ ಓದಿದಳು. ಹೆಸರು, ಆರಿನ್ ಟಾಲೆಫ್ಸನ್. ವಯಸ್ಸು, ಮೂವತ್ತೊಂಬತ್ತು. ವಿಳಾಸ, ಕೌಂಟಿ ರಸ್ತೆ, ಹಸಿರು ಬಾಗಿಲಿನ ಬಿಳಿ ಮನೆ. ಬಾಗಿಲಿಗೆ ಅರ್ವಿಲಾ ಕಂದು ಬಣ್ಣ ಹೊಡೆಸಿ ಇಪ್ಪತ್ತು ವರ್ಷವಾಗಿತ್ತು. ಕೆಳಗೆ ಪೆನ್ಸಿಲಿನಲ್ಲಿ ಸಹಿ.

"ಇದು ಸರ್ಕಾರಿ ಕಾಗದ ಅಲ್ವಾ?" ಎಂದು ಕೇಳಿದಳು.

"ಹೌದು."

"ಊರಿನ ಹೆಸರೂ ಇದೆಯಲ್ಲ. ಟ್ಯಾಮರಾಕ್ ಕ್ರಾಸಿಂಗ್ ಅಂತ."

"ಘಟನೆ ನಡೆದ ಜಾಗ ಬರೀಲೇಬೇಕು."

ಅರ್ವಿಲಾ ಚೀಟಿಯನ್ನು ಗೇಲಾರ್ಡನ ಮೂಗಿನ ಹತ್ತಿರ ಹಿಡಿದಳು. ಅವನು ಓದಿ ಮುಗಿಸುವವರೆಗೆ ಅಲ್ಲಾಡದೆ ಹಿಡಿದಿದ್ದಳು. ಆಮೇಲೆ ಮಡಚಿ ಕೈಚೀಲದಲ್ಲಿಟ್ಟು, ರಸ್ತೆಯಲ್ಲಿ ನಿಂತಿದ್ದ ಹನ್ನೊಂದು ವಾಹನಗಳಿಗೂ ಒಂದೊಂದಾಗಿ ತೋರಿಸಿಕೊಂಡು ಮನೆಗೆ ನಡೆದಳು.

ಆರಿನ್ ಯಾರೆಂದು ವಾರ್ಡನ್‌ಗೆ ಹೇಳುವ ಕೆಲಸ ವರ್ಲಿನ್‌ನ ಪಾಲಿಗೆ ಬಂತು. ಅವಳು ಪೂರ್ತಿ ಕೇಳಿ, ಜೀಪಿನ ಬಾಗಿಲು ತೆಗೆದಳು. ತನ್ನ ಪೆನ್ಸಿಲನ್ನು ಕಿಸೆಯಿಂದ ತೆಗೆದು ನೋಡಿ, ಜೀಪಿನ ಡಬ್ಬಿಯಲ್ಲಿ ಹಾಕಿ ಮುಚ್ಚಿದಳು. "ಚೀಟಿ ಕೊಟ್ಟಾಗಿದೆ. ವಾಪಸು ಪಡೆಯೋಕೆ ನಿಯಮ ಇಲ್ಲ. ಇನ್ನೊಂದು ಸಲ ಹೀಗೇ ಕಂಡ್ರೆ ದಂಡ ಹಾಕಲೇಬೇಕಾಗುತ್ತೆ," ಎಂದಳು. ವರ್ಲಿನ್‌ನ ನಮೂನೆಯಲ್ಲಿ ಯಾವ ಚೌಕಕ್ಕೂ ಗುರುತು ಹಾಕದೆ ಹರಿದು ಹಾಕಿದಳು.

ಗುರುವಾರ ಹಬ್ಬದೂಟಕ್ಕೆಂದು ಊರಿನಲ್ಲೆಲ್ಲ ಟರ್ಕಿ ಕೋಳಿ ಬೇಯುತ್ತಿದ್ದಾಗ ಅರ್ವಿಲಾ ಹೊಸ ಕಿತ್ತಳೆ ಜಾಕೆಟ್ಟೊಂದನ್ನು ಕೈಮೇಲೆ ಹಾಕಿಕೊಂಡು ಜೌಗಿನ ಕಡೆ ಹೊರಟಳು. ಹಾದಿಯಲ್ಲಿ ಸಿಕ್ಕ ವರ್ಲಿನ್ ಜೊತೆಗೆ ನಡೆದ.

"ಅವನ ಅಳತೆ ನೆನಪಿರಲಿಲ್ಲ," ಎಂದಳು. "ಬೀರುವಿನಿಂದ ಹಳೇ ಅಂಗಿ ತೆಗೆದು ಅಂಗಡಿಗೆ ಒಯ್ದೆ. ಡೆಲ್ಮರ್ ಏನೂ ಕೇಳ್ಲಿಲ್ಲ. ಸುತ್ತಿ ಕೊಟ್ಟ."

ಬಿದ್ದ ಮರದ ಬಳಿ ವಾರ್ಡನ್ನಿನ ಬೂಟಿನ ಗುರುತುಗಳಿದ್ದವು, ಅವುಗಳ ಎದುರಿಗೆ ಯಾರ ಗುರುತೂ ಇರಲಿಲ್ಲ. ಅರ್ವಿಲಾ ಸೀಡರಿನ ಕೊಂಬೆಗೆ ಜಾಕೆಟ್ಟು ತೂಗುಹಾಕಿ, ಅದರ ಭುಜದ ಮೇಲಿನ ಸುಕ್ಕು ತಟ್ಟಿ ಸರಿಮಾಡಿದಳು.

"ಬಾಗಿಲಿನ ಬಣ್ಣ ಬದಲಾಗಿದೆ ಕಣೋ," ಎಂದಳು ಮರದ ಕಡೆ ನೋಡಿ. "ಮನೆ ಅದೇ."

ಶುಕ್ರವಾರ ಆ ಕೊಂಬೆಯಲ್ಲಿ ಜಾಕೆಟ್ಟು ಇರಲಿಲ್ಲ. ಗಾಳಿ ಬೀಸಿರಲಿಲ್ಲ. ಹೊಸ ಹಿಮ ಬಿದ್ದಿತ್ತು, ಅದರ ಮೇಲೆ ಹಕ್ಕಿಯ ಕಾಲಿನ ಗೆರೆ ಕೂಡ ಇರಲಿಲ್ಲ.

ಬೇಟೆಯ ಕೊನೆಯ ಭಾನುವಾರ ಬೆಳಗಿನ ಜಾವ ಭಾವಮೈದುನರು ಮತ್ತೆ ಅಟ್ಟಣೆ ಹತ್ತಿದರು. ಆ ವಾರವಿಡೀ ಗೇಲಾರ್ಡ್ ಕಾರ್ಖಾನೆಯಲ್ಲಿ ಒಂದು ತಾರೀಖನ್ನೂ ತಪ್ಪೆಂದು ಹೇಳಿರಲಿಲ್ಲ. ವರ್ಲಿನ್ ಬಂದೂಕು ತಂದಿರಲೇ ಇಲ್ಲ, ಕಾಫಿಯ ಫ್ಲಾಸ್ಕು ತಂದಿದ್ದ. ಪೂರ್ವದಲ್ಲಿ ಬೆಳಕು ಇನ್ನೂ ಹೌದೋ ಅಲ್ಲವೋ ಎನ್ನುವಷ್ಟಿತ್ತು. ಗೇಲಾರ್ಡ್ ಕಾಫಿಯ ಲೋಟ ಬಾಯಿಗೆತ್ತಿದವನು ಹಾಗೇ ನಿಂತ. ಅವನ ಕಣ್ಣಿನ ಮುಂದೆ ಯಾವ ಗಾಜೂ ಇರಲಿಲ್ಲ.

"ವರ್ಲಿನ್."

"ಹೂಂ."

"ಆ ಬಿದ್ದ ಮರದ ಹತ್ರ ಒಬ್ಬ ನಿಂತಿದಾನೆ. ಕಿತ್ತಳೆ ಜಾಕೆಟ್ಟು."

"ಕಾಣ್ತಾ ಇದೆ."

"ನಿನಗೂ ಬರಿಗಣ್ಣಿಗೇ ಕಾಣ್ತಿದಾನಾ?"

"ಅದಕ್ಕೇ ಅಲ್ವಾ ಭಾವ, ಆ ಬಣ್ಣ ಇರೋದು."

ಗೇಲಾರ್ಡ್ ಲೋಟವನ್ನು ಕೆಳಗಿಟ್ಟ. ಬಂದೂಕಿನಿಂದ ತೋಟಾಗಳನ್ನು ಒಂದೊಂದಾಗಿ ತೆಗೆದು ಕಿಸೆಗೆ ಹಾಕಿಕೊಂಡ. ಬಂದೂಕನ್ನು ಮೂಲೆಗೆ ಒರಗಿಸಿ, ತಲೆಯ ಟೋಪಿ ತೆಗೆದು, ಏನು ಮಾಡಬೇಕೋ ತಿಳಿಯದವನ ಹಾಗೆ ಅದನ್ನು ಎರಡು ಸಲ ತಿರುಗಿಸಿ, ಕೊನೆಗೆ ಬಲಗೈಯನ್ನು ಮೆಲ್ಲಗೆ ಕಿಟಕಿಯ ಆಚೆ ಎತ್ತಿದ.

ಜೌಗಿನಲ್ಲಿ ಕಿತ್ತಳೆ ಬಣ್ಣದ ತೋಳೊಂದು ಮೇಲೆದ್ದಿತು. ಆಮೇಲೆ ಆ ಬಣ್ಣ ಬೆನ್ನು ತಿರುಗಿಸಿ, ಮರಗಳ ನಡುವೆ ಮರೆಯಾಗುತ್ತ, ಕಾಣುತ್ತ, ಕೌಂಟಿ ರಸ್ತೆಯ ಬಿಳಿ ಮನೆಯ ಕಡೆಗೆ ನಡೆಯತೊಡಗಿತು.